ಎಡಗಡೆಯ ಸೊನ್ನೆ

ನಾನೇ ಬರೆದು ಕೊಟ್ಟ ಒಂದು ಪದವನ್ನು ವಾಪಸು ತರಲು ಒಂದು ವಾರವಿಡೀ ಒದ್ದಾಡಿದ್ದೇನೆ. ಆ ಪದ ‘ಕೈತಪ್ಪು’. ಬರೆಯುವಾಗ ಅದು ಎಷ್ಟು ಹಗುರವಾಗಿ ಕಂಡಿತ್ತೆಂದರೆ, ಕಾಗದಕ್ಕೆ ಸಹಿ ಹಾಕಿ, ಲಕೋಟೆಗೆ ಹಾಕಿ, ಹೊರಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದಿದ್ದೆ.

ಎಂಬತ್ತರ ದಶಕದ ನಡುಭಾಗ. ದಾವಣಗೆರೆಯ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಿಟ್ಟುವಳ್ಳಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಇಪ್ಪತ್ತಾರರ ಹುಡುಗಿ, ಸಿಟ್ಟು ಮೂಗಿನ ತುದಿಯಲ್ಲಿ. ಕೋಣೆಯಲ್ಲಿ ಎರಡು ಯಂತ್ರಗಳಿದ್ದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ದೇವರಮನೆಗೂ ನಮ್ಮ ಕೋಣೆಗೂ ಇದ್ದ ವ್ಯತ್ಯಾಸವೆಂದರೆ ನಮ್ಮಲ್ಲಿ ಎಸಿ ಇತ್ತು, ಅಷ್ಟೆ.

ಆ ಯಂತ್ರಗಳಿಗೆ ಲೆಕ್ಕ ಹೇಳಿಕೊಡಲು ನಾವು ಬಳಸುತ್ತಿದ್ದ ಭಾಷೆ ಅಂಗಡಿಯಿಂದ ತಂದದ್ದಲ್ಲ. ದೂರದ ಊರಿನ ಒಬ್ಬ ಗಣಿತದ ಮೇಷ್ಟ್ರು ಅದನ್ನು ರಚಿಸಿ, ಅದರ ಹೊಟ್ಟೆಯೊಳಗಿನ ಸಾಲು ಸಾಲನ್ನೂ ಎಪ್ಪತ್ತು ಹಾಳೆಗಳಲ್ಲಿ ಅಚ್ಚು ಮಾಡಿಸಿ, ಕೇಳಿದವರಿಗೆಲ್ಲ ಅಂಚೆಯಲ್ಲಿ ಕಳಿಸುತ್ತಿದ್ದರು. ಇದು ಯಾರ ಸ್ವತ್ತೂ ಅಲ್ಲ, ನಕಲು ಮಾಡಿ, ಹಂಚಿ, ಬೇಕಾದಂತೆ ತಿದ್ದಿಕೊಳ್ಳಿ, ತಪ್ಪು ಕಂಡರೆ ನನಗೊಂದು ಕಾರ್ಡು ಬರೆಯಿರಿ ಎಂದು ಮೊದಲ ಹಾಳೆಯಲ್ಲೇ ಇತ್ತು. ಈಗ ಇದಕ್ಕೆ ಓಪನ್ ಸೋರ್ಸ್ ಎಂಬ ದೊಡ್ಡ ಹೆಸರಿದೆ. ನಾವು ‘ಮೇಷ್ಟ್ರ ಹಾಳೆ’ ಎನ್ನುತ್ತಿದ್ದೆವು. ನಮ್ಮ ಕೈಗೆ ಬಂದದ್ದು ಜೆರಾಕ್ಸಿನ ಜೆರಾಕ್ಸು. ಎರಡು ತಿಂಗಳು ಕೂತು ಅಷ್ಟನ್ನೂ ನಾನೇ ಯಂತ್ರಕ್ಕೆ ಟೈಪು ಮಾಡಿದ್ದೆ. ಹಾಗಾಗಿ ಅದರ ಮೇಲೆ ನನಗೆ ಹೆತ್ತವಳಿಗಿಂತ ಸಾಕಿದವಳ ಜಂಬ ಹೆಚ್ಚಾಗಿತ್ತು.

ಹರಿಹರದಲ್ಲಿ ಒಂದು ವರ್ಕ್‌ಶಾಪ್ ಇತ್ತು. ಅಲ್ಲಿ ಬುಷ್ ಮಾಡುತ್ತಿದ್ದರು. ಬುಷ್ ಎಂದರೆ ಯಂತ್ರದೊಳಗೆ ಕೂರುವ ಲೋಹದ ದಪ್ಪ ಬಳೆ. ಅದರ ಒಳರಂಧ್ರದ ಅಳತೆ ಕೂದಲೆಳೆಯಷ್ಟು ಹೆಚ್ಚಾದರೂ ಅದು ಗುಜರಿಗೆ. ಮಾಲೀಕರು ಓದಿದವರು, ಹೊಸದರ ಹುಚ್ಚಿನವರು, ಆಫೀಸಿಗೊಂದು ಸಣ್ಣ ಕಂಪ್ಯೂಟರ್ ತರಿಸಿದ್ದರು. ನಾನು ಫ್ಲಾಪಿಯಲ್ಲಿ ಮೇಷ್ಟ್ರ ಭಾಷೆಯನ್ನೂ, ಅದರಲ್ಲಿ ಬರೆದ ಒಂದು ಪ್ರೋಗ್ರಾಮನ್ನೂ ಹಾಕಿಕೊಟ್ಟಿದ್ದೆ. ಲೇತ್ ಎಂಬ ಕೊರೆಯುವ ಯಂತ್ರ ನಡೆಸುವ ಟರ್ನರ್ ಮೊದಲ ಸಲ ಕೊರೆದ ಮೇಲೆ ರಂಧ್ರವನ್ನು ಐದು ಕಡೆ ಅಳೆದು, ಎಷ್ಟು ಲೋಹ ಹೋಗಿದೆ ಎಂದು ಹಾಳೆಯಲ್ಲಿ ಬರೆಯಬೇಕು. ಆಫೀಸಿನ ಟೈಪಿಸ್ಟ್ ಹುಡುಗಿ ಅದನ್ನು ಯಂತ್ರಕ್ಕೆ ಹೊಡೆದರೆ, ಕೊನೆಯ ಸಲ ಇನ್ನೆಷ್ಟು ಕೊರೆಯಬೇಕು ಎಂದು ಪರದೆಯ ಮೇಲೆ ಬರುತ್ತಿತ್ತು. ಅವಳು ಅದನ್ನು ಸ್ಲೇಟಿನ ಮೇಲೆ ಬರೆದು ಕಿಟಕಿಯಲ್ಲಿ ತೋರಿಸುತ್ತಿದ್ದಳು. ಲೆಕ್ಕ ದೊಡ್ಡದೇನಲ್ಲ. ಆದರೆ ಕಂಪ್ಯೂಟರಿನಿಂದ ಬಂದದ್ದು ಎಂಬ ಗತ್ತು ಇತ್ತಲ್ಲ.

ಆರು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಒಂದು ದೊಡ್ಡ ಕಾರ್ಖಾನೆಯಿಂದ ಸಣ್ಣ ಬುಷ್‌ಗಳ ಹೊಸ ಆರ್ಡರ್ ಬಂತು, ಮೊದಲ ಟ್ರೇ ಪೂರ್ತಿ ಕೆಟ್ಟು ವಾಪಸು ಬಂತು. ಮಾಲೀಕರು ಪ್ರೋಗ್ರಾಮನ್ನು ತಾವೇ ಎರಡು ಸಲ ಓಡಿಸಿ ನೋಡಿದರು. ಉತ್ತರ ಸರಿಯಾಗಿಯೇ ಬಂತು. ನನಗೊಂದು ಕಾಗದ ಬರೆದು ಕೇಳಿದರು. ನಾನೂ ಅವರು ಕಳಿಸಿದ ಅಂಕಿಗಳನ್ನು ಹಾಕಿ ನೋಡಿದೆ, ಸರಿ ಇತ್ತು. ‘ಪ್ರೋಗ್ರಾಮಿನಲ್ಲಾಗಲಿ ಭಾಷೆಯಲ್ಲಾಗಲಿ ದೋಷವಿಲ್ಲ. ಬಹುಶಃ ಕೈತಪ್ಪಿನಿಂದ ಆಗಿರಬಹುದು’ ಎಂದು ಬರೆದು ಕಳಿಸಿದೆ. ಯಾರ ಕೈ ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ.

ಆ ಕೈ ಸೋಮವಾರ ಬೆಳಿಗ್ಗೆ ನಮ್ಮ ಕೋಣೆಯ ಬಾಗಿಲಿಗೆ ಬಂತು. ಐವತ್ತೈದು ದಾಟಿದ ಮನುಷ್ಯ, ಬಿಳಿ ಟೋಪಿ, ಇಸ್ತ್ರಿ ಮಾಡಿದ ಶರಟು. ಹರಿಹರದ ಅರ್ಧ ಟರ್ನರುಗಳಿಗೆ ಕೆಲಸ ಕಲಿಸಿದವರು, ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಯಾರೂ ಹೇಳದೆಯೇ ಚಪ್ಪಲಿ ಕಳಚಿ ನಿಂತರು. ಕರವಸ್ತ್ರ ಬಿಚ್ಚಿ ಒಂದು ಬುಷ್ ಮತ್ತು ಅಳತೆಯ ಹಾಳೆ ತೋರಿಸಿದರು. ಅವರನ್ನು ಲೇತ್‌ನಿಂದ ಇಳಿಸಿ, ಲೋಹದ ಸಿಪ್ಪೆ ಗುಡಿಸಲು ಹಚ್ಚಿದ್ದರಂತೆ. ತಮ್ಮ ಕೈತಪ್ಪಿನಿಂದ ಮಾಲು ಕೆಟ್ಟಿತು ಎಂದು ಶನಿವಾರ ಮೂರು ಗಂಟೆಯೊಳಗೆ ಬರೆದು ಸಹಿ ಹಾಕಬೇಕು, ಹಾಕದಿದ್ದರೆ ಕೆಲಸಕ್ಕೆ ಬರಬೇಕಿಲ್ಲ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಆದರೆ ಮತ್ತೆ ಲೇತ್ ಮುಟ್ಟುವಂತಿಲ್ಲ.

ಹೊರಗಿನವರನ್ನು ಒಳಗೆ ಬಿಡಬಾರದೆಂದು ನಮ್ಮ ವಿಭಾಗದ ಹಿರಿಯರ ಕಟ್ಟಪ್ಪಣೆ. ಉಸ್ತಾದರನ್ನು ಬೆಂಚಿನ ಮೇಲೆ ಕೂರಿಸಿ, ಹಾಳೆಯನ್ನು ಒಳಗೆ ಒಯ್ದೆ. ಐದು ಅಳತೆಗಳನ್ನು ಹೊಡೆದೆ. ಇನ್ನು ಎಂಬತ್ತನಾಲ್ಕು ಕೊರೆಯಬೇಕು ಎಂದು ಬಂತು. ಮತ್ತೆ ಹೊಡೆದೆ, ಮತ್ತೆ ಎಂಬತ್ತನಾಲ್ಕು. ಹೊರಗೆ ಬಂದು ಹೇಳಿದೆ.

ಎಂಬತ್ತನಾಲ್ಕೇ ಸರಿ, ತಮ್ಮ ಬಾಯಿಲೆಕ್ಕದಲ್ಲೂ ಅದೇ ಬಂದಿತ್ತು ಎಂದರು. ಆದರೆ ಅವತ್ತು ಸ್ಲೇಟಿನ ಮೇಲೆ ಇದ್ದದ್ದು ತೊಂಬತ್ತೆರಡು. ಜಾಸ್ತಿಯಾಯಿತಲ್ಲ ಎಂದು ಕೇಳಿದ್ದಕ್ಕೆ, ಮಿಷನ್ ಹೇಳಿದಷ್ಟು ಮಾಡ್ರಿ ಎಂಬ ಉತ್ತರ ಕಿಟಕಿಯಿಂದ ಬಂತಂತೆ. ಸ್ಲೇಟು ಒರೆಸಿಹೋಗಿತ್ತು. ಟೈಪಿಸ್ಟ್ ಹುಡುಗಿ ಅಣ್ಣನ ಮದುವೆಗೆಂದು ನಂದಿಗುಡಿಗೆ ಹೋದವಳು ಹದಿನೈದು ದಿನ ರಜೆಯಲ್ಲಿದ್ದಳು. ನನಗೆ ನಂಬಿಕೆ ಬರಲಿಲ್ಲ. ಯಂತ್ರ ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು ಹೇಳುವುದಿಲ್ಲ ಎಂದು ಪಾಠ ಮಾಡುವ ಧಾಟಿಯಲ್ಲಿ ಹೇಳಿದೆ. ಅವರು ಬುಷ್ಷನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು.

“ಕೈ ತಪ್ಪಿದ್ರೆ ಒಂದರಾಗ ಹೆಚ್ಚು, ಒಂದರಾಗ ಕಮ್ಮಿ ತಪ್ತೈತೆ ಮೇಡಂ. ಟ್ರೇದಾಗಿನ ಎಲ್ಲಾದ್ರಾಗೂ ಎಂಟೇ ಹೆಚ್ಚೈತೆ. ಹಂಗೆ ಒಂದೇ ಅಳತಿ ತಪ್ಪೋದು ಕೈ ಅಲ್ಲ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು, ಒಂದು ತಲೆಗೂದಲಿನ ದಪ್ಪ. ಆ ಎಂಟು ನನ್ನ ತಲೆಯಲ್ಲಿ ಕೂತಿತು. ಮಂಗಳವಾರ ಪೂರ್ತಿ ಪಾಠ ಮಾಡುವಾಗಲೂ ಬೋರ್ಡಿನ ಮೂಲೆಯಲ್ಲಿ ಅದೇ ಲೆಕ್ಕ ಬರೆಯುತ್ತಿದ್ದೆ. ತೊಂಬತ್ತೆರಡರಲ್ಲಿ ಎಂಬತ್ತನಾಲ್ಕು ಕಳೆದರೆ ಎಂಟು. ಸುಳ್ಳು ಹೇಳುವವರು ಇಷ್ಟು ಚೊಕ್ಕ ಸುಳ್ಳು ಹೇಳುವುದಿಲ್ಲ. ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದೆ. ಏನೂ ಸಿಗಲಿಲ್ಲ. ತಪ್ಪು ಇದ್ದೂ ಕಾಣದಿರುವ ಸಂಕಟ ಬಹಳ ಕೆಟ್ಟದ್ದು, ಹಲ್ಲುನೋವಿದ್ದು ಯಾವ ಹಲ್ಲೆಂದು ತಿಳಿಯದ ಹಾಗೆ.

ಬುಧವಾರ ಅರ್ಧ ದಿನ ರಜೆ ಹಾಕಿ, ಮೇಷ್ಟ್ರ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಹರಿಹರದ ಬಸ್ಸು ಹತ್ತಿದೆ. ಮಾಲೀಕರು ಕೂಡ್ರಿ ಕೂಡ್ರಿ ಎಂದು ಉಪಚಾರ ಮಾಡಿದರು. ನಾನು ಬಂದ ಕೆಲಸ ತಿಳಿದು ನಕ್ಕರು. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ, ಈ ವಯಸ್ಸಿನಲ್ಲಿ ಕಣ್ಣು ಮಂಜಾಗಿರುತ್ತದೆ, ಒಪ್ಪಿಕೊಳ್ಳಲು ಅಭಿಮಾನ ಬಿಡುವುದಿಲ್ಲ ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಕಾಗದ ಅವರ ಮೇಜಿನ ಮೇಲೆ ಗಾಜಿನ ಕೆಳಗೆ ಇತ್ತು.

ಉಸ್ತಾದರನ್ನು ಕರೆಸಿದರು. ಅವರು ಪೊರಕೆಯನ್ನು ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದರು. ಅದನ್ನು ನೋಡಿ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಯಂತ್ರದ ಮುಂದೆ ಕೂತು, ಅಳತೆಗಳನ್ನು ಓದಿ ಹೇಳಿ ಎಂದೆ. ಅವರು ಕನ್ನಡಕ ಏರಿಸಿ, ಹಾಳೆಯನ್ನು ದೂರ ಹಿಡಿದು, ಒಂದೊಂದೇ ಅಂಕಿ ಓದಿದರು. ಸೊನ್ನೆ, ನಾಲ್ಕು, ಸೊನ್ನೆ. ನಾನು ನಲವತ್ತು ಎಂದು ಹೊಡೆದೆ. ಅವರು ಮುಂದಿನದನ್ನು ಓದಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

“ಮೊದಲಿನ ಸೊನ್ನಿ ಬಿಟ್ರಿ.”

ಎಡಗಡೆಯ ಸೊನ್ನೆಗೆ ಬೆಲೆ ಇಲ್ಲ, ಹೊಡೆದರೂ ಒಂದೇ ಬಿಟ್ಟರೂ ಒಂದೇ ಎಂದು ರೇಗಿದೆ. ಮೂರನೇ ಇಯತ್ತೆಯಲ್ಲಿ ಕಲಿತದ್ದನ್ನು ಈ ಮನುಷ್ಯನಿಗೆ ಹೇಳಿಕೊಡಬೇಕೆ ಎಂದು ಒಳಗೊಳಗೇ ಬೇಸರ.

“ಬೆಲಿ ಇಲ್ದಿದ್ರೆ ನಾನ್ಯಾಕ ಬರೀಲಿ? ಅಳತಿಗೆ ಮೂರು ಮನಿ ಅದಾವೆ. ಮೂರೂ ತುಂಬಬೇಕು. ಖಾಲಿ ಬಿಟ್ಟ ಮನಿಗೆ ಇನ್ನೊಬ್ಬ ಬಂದು ಕೂಡ್ತಾನೆ ಅಂತ ನಂಗ ಕೆಲಸ ಕಲಿಸಿದ ಉಸ್ತಾದ್ರು ಹೇಳಿದ್ರು.”

ಅಂದರೆ ಬರೀ 40 ಎಂದು ಬರೆದರೆ, ಆಮೇಲೆ ಯಾರಾದರೂ ಮುಂದೊಂದು ಅಂಕಿ ಸೇರಿಸಿ 140 ಮಾಡಿಯಾರು. ಆ ಭಯಕ್ಕೆ ಸೊನ್ನೆಯ ಕಾವಲು. ಮುದುಕರ ಮಾತಿಗೊಂದು ಮರ್ಯಾದೆ ಎಂದು 040 ಎಂದೇ ಹೊಡೆದೆ. ಉಳಿದ ನಾಲ್ಕನ್ನೂ ಅವರು ಬರೆದಂತೆಯೇ ಹೊಡೆದೆ. 042, 041, 040, 042.

ಪರದೆಯ ಮೇಲೆ ತೊಂಬತ್ತೆರಡು ಬಂತು.

ಬರೀ 040 ಕೊಟ್ಟು, ಇದೆಷ್ಟು ಎಂದು ಯಂತ್ರವನ್ನು ಕೇಳಿದೆ. ಮೂವತ್ತೆರಡು ಎಂದಿತು. ನಾಲ್ಕೆಂಟಲೆ ಮೂವತ್ತೆರಡು. ಆಗ ಹೊಳೆಯಿತು. ಕಂಪ್ಯೂಟರಿನವರಲ್ಲಿ ಹತ್ತರ ಬದಲು ಎಂಟರ ಗುಂಪಿನಲ್ಲಿ ಎಣಿಸುವ ಒಂದು ಪದ್ಧತಿ ಇದೆ. ಎಡಗಡೆ ಸೊನ್ನೆ ಕಂಡರೆ ಮೇಷ್ಟ್ರ ಭಾಷೆ ಆ ಲೆಕ್ಕಕ್ಕೆ ಜಾರುತ್ತಿತ್ತು. ಹೋದ ಲೋಹವನ್ನು ಎಂಟು ಕಡಿಮೆ ಎಣಿಸಿ, ಇನ್ನೂ ಎಂಟು ಹೆಚ್ಚು ಕೊರೆಯಲು ಹೇಳುತ್ತಿತ್ತು. ಹಳೆಯ ಬುಷ್‌ಗಳ ಅಳತೆಗಳು ನೂರರ ಮೇಲಿದ್ದವು, ಸೊನ್ನೆ ಬೇಕಿರಲಿಲ್ಲ. ಸಣ್ಣ ಬುಷ್ ಬಂದಾಗ ಸೊನ್ನೆ ಬಂತು. ಟೈಪಿಸ್ಟ್ ಹುಡುಗಿ ಕಂಡದ್ದನ್ನು ಕಂಡ ಹಾಗೆ ಹೊಡೆದಳು. ಓದಿದವರಾದ ಮಾಲೀಕರೂ ನಾನೂ ಮಾತ್ರ, ಕಣ್ಣೆದುರೇ ಇದ್ದ ಸೊನ್ನೆಯನ್ನು ಕಾಣದೆ ಹಾರಿಸಿಕೊಂಡು ಹೋದೆವು. ನೆಲವೇ ಡೊಂಕಿತ್ತು.

ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ಮಾಲೀಕರು ಅಳತೆಯ ಹಾಳೆಯನ್ನು ಕೈಗೆ ತೆಗೆದುಕೊಂಡು, “ಹಂಗಾದ್ರೆ ಬ್ಯಾಡಾದ ಸೊನ್ನಿ ಬರದೋರು ಇವ್ರೇ ಅಲ್ವಾ?” ಎಂದರು.

ಮೈಯೆಲ್ಲ ಉರಿಯಿತು. ಆದರೆ ಮಾತಿನಲ್ಲಿ ಹುರುಳಿತ್ತು. ಸೊನ್ನೆ ಹಾಕಿದರೆ ಎಂಟರ ಲೆಕ್ಕ ಎಂಬುದು ಆ ಭಾಷೆಯ ನಿಯಮವೇ ಆಗಿದ್ದರೆ, ನಿಯಮ ತಿಳಿಯದೆ ಬರೆದವರದ್ದು ತಪ್ಪು. ನಿಯಮವಲ್ಲದಿದ್ದರೆ ಭಾಷೆಯದ್ದು. ಹಾಳೆಗಳನ್ನು ಅಲ್ಲೇ ಹರಡಿ ಹುಡುಕಿದೆ. ನಲವತ್ತೊಂದನೇ ಪುಟದಲ್ಲಿ ಆ ಸಾಲು ಇತ್ತು, ಆದ್ದರಿಂದ ನನ್ನ ಟೈಪಿಂಗಿನ ತಪ್ಪಲ್ಲ. ಯಾಕೆ ಇದೆ ಎಂಬುದಕ್ಕೆ ಎಲ್ಲೂ ವಿವರಣೆ ಇರಲಿಲ್ಲ. ಜೆರಾಕ್ಸಿನ ಜೆರಾಕ್ಸು ಬೇರೆ. ಬೇಕಾದಂತೆ ತಿದ್ದಿಕೊಳ್ಳಿ ಎಂದದ್ದಕ್ಕೆ ನಡುವೆ ಯಾರೋ ಸೇರಿಸಿದ್ದೂ ಇರಬಹುದು. ಮಾಲು ವಾಪಸು ಮಾಡಿದ ದೊಡ್ಡ ಕಾರ್ಖಾನೆಗೆ ತಾವು ಕಾರಣ ಬರೆದು ಕೊಡಬೇಕು, ಭಾಷೆ ಬರೆದವರೇ ಒಪ್ಪಿದರೆ ಸರಿ, ಮೊನ್ನೆ ದೋಷವಿಲ್ಲ ಇವತ್ತು ಇದೆ ಎನ್ನುವ ನಿಮ್ಮ ಮಾತನ್ನು ಹೇಗೆ ನಂಬಲಿ ಎಂದರು ಮಾಲೀಕರು. ಶನಿವಾರ ಮೂರು ಗಂಟೆ ಹಾಗೇ ಉಳಿಯಿತು.

ಕಾರ್ಡು ಹೋಗಿ ಬರಲು ಹತ್ತು ದಿನ. ಟೆಲಿಗ್ರಾಂ ಒಂದೇ ದಾರಿ. ಗುರುವಾರ ಬೆಳಿಗ್ಗೆ ಒಕ್ಕಣೆಯನ್ನು ನಮ್ಮ ಹಿರಿಯರಿಗೆ ತೋರಿಸಿದೆ. ಅವರಿಗೆ ಮೇಷ್ಟ್ರೆಂದರೆ ದೇವರು. ಅಂಥವರಿಗೆ ತಪ್ಪು ಎಂಬ ಪದವೇ, ‘ಬಹುಶಃ ನಮ್ಮ ಅಜ್ಞಾನವಿರಬಹುದು, ಕ್ಷಮಿಸಿ’ ಎಂದು ಸೇರಿಸು ಎಂದರು. ಅವರು ಹೇಳಿದ್ದನ್ನು ನಾನು ಯಾವತ್ತೂ ಮೀರಿದವಳಲ್ಲ. ಅವತ್ತು ಮೀರಿದೆ. ಬಹುಶಃ ಎಂಬ ಪದ ಆಗಲೇ ಒಬ್ಬರನ್ನು ಲೇತ್‌ನಿಂದ ಇಳಿಸಿದೆ ಸರ್ ಎಂದು ಹೇಳಿ, ಸೈಕಲ್ ತುಳಿದು ತಂತಿ ಆಫೀಸಿಗೆ ಹೋದೆ.

ಒಕ್ಕಣೆ ಹೀಗಿತ್ತು. ನಿಮ್ಮ ಭಾಷೆ ಸೊನ್ನೆ ನಾಲ್ಕು ಸೊನ್ನೆಯನ್ನು ಮೂವತ್ತೆರಡು ಎನ್ನುತ್ತದೆ. ಪುಟ ನಲವತ್ತೊಂದು. ಇದು ನಿಯಮವೋ ತಪ್ಪೋ. ಸೊನ್ನೆ ಬರೆದ ಒಬ್ಬರ ಕೆಲಸ ಶನಿವಾರ ಹೋಗುತ್ತದೆ. ತಕ್ಷಣ ತಿಳಿಸಿ.

ಕೌಂಟರಿನವರು ಎರಡು ಸಲ ಓದಿ, ಇದೇನು ಓಸಿ ನಂಬರೋ ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಟ್ಕಾ ಆಡುವವಳ ಮುಖ ಅವರಿಗೆ ಕಂಡಿರಬೇಕು. ಕಾಲೇಜಿನ ಗುರುತಿನ ಚೀಟಿ ತೋರಿಸಿದ ಮೇಲೆ ತೆಗೆದುಕೊಂಡರು.

ಶುಕ್ರವಾರ ಏನೂ ಬರಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದಾಗೆಲ್ಲ ಪಾಠ ನಿಲ್ಲಿಸಿ ಹೊರಗೆ ಓಡುತ್ತಿದ್ದೆ. ಮೇಷ್ಟ್ರು ಊರಲ್ಲಿಲ್ಲವೇನೋ. ಇದ್ದರೂ ಸಿಟ್ಟಾದರೇನೋ. ಎಲ್ಲಕ್ಕಿಂತ ದೊಡ್ಡ ಭಯ, ಹೌದು ಅದು ನಿಯಮ ಎಂದು ಬಂದುಬಿಟ್ಟರೆ? ಉಸ್ತಾದರ ಎದುರು ಆ ಕಾಗದ ಹಿಡಿದು ನಾನೇ ನಿಲ್ಲಬೇಕಲ್ಲ. ರಾತ್ರಿ ಅವ್ವ ಯಾಕ ಊಟ ಸೇರವಲ್ದು ಎಂದು ಕೇಳಿದ್ದಕ್ಕೆ ಸುಮ್ಮನೆ ಸಿಡುಕಿದೆ.

ಶನಿವಾರ ಒಂದೂವರೆಗೆ ತಂತಿ ಬಂತು. ಗೇಟಿನ ಹತ್ತಿರವೇ ಒಡೆದು ಓದಿ, ಅಲ್ಲಿಂದಲೇ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಪ್ರತಿ ನಿಲುಗಡೆಯಲ್ಲೂ ಇನ್ನಿಬ್ಬರನ್ನು ತುರುಕುತ್ತಿದ್ದ, ನಾನು ಅವನ ವಂಶವನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತಿದ್ದೆ. ವರ್ಕ್‌ಶಾಪ್ ಮುಟ್ಟಿದಾಗ ಮೂರಕ್ಕೆ ಐದು ನಿಮಿಷ. ಆಫೀಸಿನಲ್ಲಿ ಉಸ್ತಾದರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮುಂದೆ ಟೈಪು ಮಾಡಿದ ಕಾಗದ, ಮೇಲೆ ಪೆನ್ನು. ಅವರು ಪೆನ್ನು ಮುಟ್ಟಿರಲಿಲ್ಲ. ಮುಟ್ಟುವುದಿಲ್ಲವೆಂದು ತೀರ್ಮಾನ ಮಾಡಿಕೊಂಡೇ ಬಂದಿದ್ದರು ಎಂದು ಆಮೇಲೆ ತಿಳಿಯಿತು. ಪಕ್ಕದಲ್ಲಿ ಚೀಲವಿತ್ತು, ಅದರೊಳಗೆ ಅವರ ಸ್ವಂತ ಅಳತೆಯ ಉಪಕರಣಗಳು.

ತಂತಿ ಇಂಗ್ಲಿಷಿನಲ್ಲಿತ್ತು. ನಾನು ಕನ್ನಡದಲ್ಲಿ ಓದಿದೆ, ಉಸ್ತಾದರ ಕಡೆ ತಿರುಗಿ. “ನಿಯಮವಲ್ಲ. ಕೈತಪ್ಪು ನನ್ನದು. ಸೊನ್ನೆ ಬರೀ ಸೊನ್ನೆಯಾಗಿಯೇ ಇರತಕ್ಕದ್ದು. ಬರೆದವರಿಗೆ ನನ್ನ ನಮಸ್ಕಾರ ತಿಳಿಸಿ. ಪತ್ರ ಬರುತ್ತದೆ.”

ಮಾಲೀಕರು ತಂತಿಯನ್ನು ಇಸಿದುಕೊಂಡು ತಾವೂ ಓದಿದರು. ಉಸ್ತಾದರ ಮುಂದಿದ್ದ ಕಾಗದವನ್ನು ಎಳೆದು ಎರಡಾಗಿ ಹರಿದರು. ಸೋಮವಾರದಿಂದ ಲೇತ್‌ಗೆ ಬರ್ರಿ ಎಂದು, ಚಹಾ ಹೇಳಿದರು. ಕ್ಷಮೆ ಎಂಬ ಮಾತು ಆ ಚಹಾದಲ್ಲೇ ಇತ್ತೆಂದು ತಿಳಿದುಕೊಳ್ಳಬೇಕು. ಉಸ್ತಾದರು ಚಹಾ ಕುಡಿದರು, ಬಸಿಗೆ ಹೊಯ್ದುಕೊಂಡು, ನಿಧಾನಕ್ಕೆ.

ಮೇಷ್ಟ್ರ ಪತ್ರ ಆಮೇಲೆ ಬಂತು. ತಾವೊಬ್ಬರೇ ಬಳಸುವಾಗ ಇಟ್ಟುಕೊಂಡಿದ್ದ ಹಳೆಯ ಅಭ್ಯಾಸವಂತೆ, ಹಂಚುವಾಗ ತೆಗೆಯಲು ಮರೆತಿದ್ದರಂತೆ. ತಿದ್ದಿದ ಹಾಳೆಗಳ ಕೊನೆಯಲ್ಲಿ ತಪ್ಪು ತೋರಿಸಿದವರ ಪಟ್ಟಿ ಹಾಕುತ್ತಿದ್ದರು, ಎಲ್ಲ ಕಾಲೇಜಿನವರು. ಆ ಸಲ ನಲವತ್ತೊಂದನೇ ಪುಟದ ಎದುರು ‘ಹರಿಹರದ ಟರ್ನರ್ ಒಬ್ಬರು’ ಎಂದಿತ್ತು. ಹೆಸರು ಬೇಡವೆಂದದ್ದು ಉಸ್ತಾದರೇ. ಆ ಭಾಷೆ ಬಳಸುತ್ತಿದ್ದ ಎಂಟು ಕಾಲೇಜಿನವರಿಗೆ ಕಾಣದ್ದು ಅವರಿಗೆ ಕಂಡಿತ್ತು.

ಆದರೆ ಆ ಶನಿವಾರ, ಚಹಾ ಮುಗಿದ ಮೇಲೂ ನನ್ನ ಕಾಗದ ಗಾಜಿನ ಕೆಳಗೇ ಇತ್ತು. ವಾಪಸು ಕೊಡಿ ಎಂದು ಕೇಳಿದೆ. ಅದರ ನಕಲು ದೊಡ್ಡ ಕಾರ್ಖಾನೆಗೆ ಹೋಗಿಯಾಗಿದೆ, ಫೈಲಿನಿಂದ ತೆಗೆಯಲು ಬರುವುದಿಲ್ಲ, ಬೇಕಾದರೆ ಇನ್ನೊಂದು ಬರೆದು ಕೊಡಿ ಎಂದರು ಮಾಲೀಕರು. ಅಲ್ಲೇ ಕೂತು ಬರೆದೆ. ಭಾಷೆಯಲ್ಲಿ ದೋಷವಿತ್ತು. ನಾನು ಹಾಳೆಯಲ್ಲಿದ್ದಂತೆ ಪರೀಕ್ಷಿಸದೆ, ಕಾಣದ ಒಬ್ಬರ ಮೇಲೆ ತಪ್ಪು ಹೊರಿಸಿದ್ದೆ. ಕೈತಪ್ಪು ನನ್ನದು. ಈ ಸಲ ಬಹುಶಃ ಎಂದು ಬರೆಯಲಿಲ್ಲ. ಉಸ್ತಾದರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. ಸಹಿ ಹಾಕಿ ತಾರೀಕು ಬರೆದೆ. ಅವತ್ತು ಏಳನೇ ತಾರೀಕು. ಅವರು ಆ ಏಳರ ಎಡಗಡೆ ಬೆರಳಿಟ್ಟರು.

“ಸೊನ್ನಿ ಹಾಕು ಬೇಟಿ. ಮನಿ ಖಾಲಿ ಬಿಡಬ್ಯಾಡ.”

ಹಾಕಿದೆ.